ಕೆಂಪಿಯ ತಲೆಗೆ ಬಲೆಯ ನೂಲು

ಹೊನ್ನಾವರ
೭ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಸಂಜಯನಿಗೆ,

ನಿನ್ನ ಅಕ್ಕ ವನಮಾಲಾ ಚೆನ್ನಾಗಿದ್ದಾಳೆ. ಅವಳ ಮಂಡಿನೋವು ಅವಳಿಗಿಂತಲೂ ಚೆನ್ನಾಗಿದೆ. ನೀನು ಹೇಗಿದ್ದೀಯೋ, ಮಲ್ಪೆಯ ಮೆಸ್ಸಿನ ಊಟ ಹೊಟ್ಟೆಗೆ ಹೊಂದಿತೋ ಇಲ್ಲವೋ. ದೀಪಾವಳಿಗೇ ಬರೆಯಬೇಕಿದ್ದ ಪತ್ರ ಇದು. ತಡವಾಯಿತು, ಕ್ಷಮಿಸು. ಯಾಕೆ ತಡವಾಯಿತು ಎಂಬುದೇ ಈ ಪತ್ರದ ವಿಷಯ.

"ಫೋನಿರುವಾಗ ಪತ್ರ ಎಂತಕೆ?" ಎಂದು ಕೇಳುತ್ತೀಯ. ಫೋನಿನಲ್ಲಿ ನೀನು ಆಡುವುದು ಎರಡೇ ಮಾತು: "ಹೂಂ" ಮತ್ತು "ಇಡ್ತೆ". ಪತ್ರವನ್ನು ನಡುವಿನಲ್ಲಿ ಕಟ್ ಮಾಡಲು ಬರುವುದಿಲ್ಲ. ಮಡಚಿ ಎಸೆಯಬಹುದು, ಆದರೆ ಬೋಟಿನ ಇಂಜಿನ್ ಬಿಚ್ಚಿ ಕೂತವನಿಗೆ ಗ್ರೀಸು ಒರೆಸಲಾದರೂ ಕಾಗದ ಬೇಕಲ್ಲ. ಆಗ ಒಂದೆರಡು ಸಾಲು ಕಣ್ಣಿಗೆ ಬಿದ್ದೀತು ಎಂಬ ಆಸೆ.

ಮೊದಲು ಸಿಹಿಸುದ್ದಿ. ನಾವು ಗೆದ್ದೆವು! ಸರ್ಕಾರಿ ಪತ್ರದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಲು ನನಗೆ ಅನುಮತಿ ಇಲ್ಲ, ಅದಕ್ಕೇ ಇಲ್ಲಿ ಹಾಕಿಕೊಂಡೆ. "ಅಕ್ಕನ ಪ್ರಾಸ, ಮನೆಗೆಲ್ಲ ತ್ರಾಸ" ಎಂದು ಗೇಲಿ ಮಾಡುತ್ತಿದ್ದೆಯಲ್ಲ, ಆ ಪ್ರಾಸವನ್ನು ಹೋದ ವಾರ ಕುಮಟಾ ಹತ್ತಿರದ ಬಾಡ ಊರಿನ ಪಂಚಾಯತಿ ಜಗಲಿಯಲ್ಲಿ ಊರವರೆಲ್ಲ ಎರಡೆರಡು ಸಲ ಹೇಳಿಸಿಕೊಂಡು ಕೇಳಿದರು. ಸುರುವಿನಿಂದ ಹೇಳುತ್ತೇನೆ.

ಬಾಡದ ಬೊಮ್ಮಿ ನೆನಪಿದ್ದಾಳಲ್ಲ? ಮರೆತಿದ್ದರೆ ತಲೆ ಮುಟ್ಟಿ ನೋಡಿಕೋ. ಒಂದನೇ ಇಯತ್ತೆಯಲ್ಲಿ ನಿನ್ನ ಪಕ್ಕ ಕೂತು, ನಿನ್ನ ಪಾಟಿಯಿಂದಲೇ ನಿನ್ನ ತಲೆಗೆ ಹೊಡೆದವಳು. ಈಗ ಅವಳು ಆಡು ಸಾಕುತ್ತಾಳೆ. ಗಂಡ ಹೊನ್ನ ಬೋಟಿಗೆ ಹೋಗುತ್ತಾನೆ, ಹೋಗದ ದಿನ ಬಲೆ ಹೆಣೆಯುತ್ತಾನೆ. ಅವರ ಹಟ್ಟಿಯ ಹಿರಿಯಳು ಕೆಂಪಿ ಎಂಬ ಆಡು. ಚೌತಿ ಹಬ್ಬ ಮುಗಿದ ಮೇಲೆ ಕೆಂಪಿ ತೆಂಗಿನಮರಕ್ಕೆ ಮೈ ತಿಕ್ಕಲು ಸುರು ಮಾಡಿತು. ತಿಕ್ಕಿ ತಿಕ್ಕಿ ಪಕ್ಕೆಯ ಕೂದಲೆಲ್ಲ ಹೋಯಿತು. ಆಮೇಲೆ ಮೈ ಸೊರಗಿ, ಹಿಂಗಾಲು ತೂರಾಡತೊಡಗಿತು, ಸಂಬಳದ ದಿನ ಬೋಟಿನಿಂದ ಇಳಿದವರ ಹಾಗೆ. ಕೊನೆಗೆ, ಇನ್ನೂ ಹಾಲು ಕುಡಿಯುತ್ತಿದ್ದ ಸ್ವಂತ ಮರಿಯನ್ನೇ ಒದ್ದು ಹಟ್ಟಿಯಿಂದ ಹೊರಗೆ ಹಾಕಿತು. ಆ ಮರಿಯೋ, ಒಮ್ಮೆ ಒದೆ ತಿಂದದ್ದು ಮತ್ತೆ ಹಟ್ಟಿಯ ಹೊಸ್ತಿಲು ದಾಟಲಿಲ್ಲ. ಹುಲ್ಲಿನ ಗೊಣಬೆಯ ಬುಡದಲ್ಲಿ ಮಲಗುತ್ತಿತ್ತು. ಬೊಮ್ಮಿ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು.

"ಹೆತ್ತ ಮರಿ ಒದಿಯೂ ಆಡು ಮನೆಗೆ ಆಗೂದಿಲ್ಲ, ಅಪಶಕುನ" ಎಂದರು ಪಕ್ಕದ ಮನೆಯವರು.

ಬೊಮ್ಮಿ ಸೊಂಟಕ್ಕೆ ಸೆರಗು ಕಟ್ಟಿಯೇ ಉತ್ತರ ಕೊಟ್ಟಳು. "ಕೆಂಪಿ ಒದ್ದದ್ದಲ್ಲ. ಅದ್ರ ತಲೆ ಒಳಗೆ ಎಂತದೋ ಹೊಕ್ಕಿದೆ, ಅದು ಒದ್ದದ್ದು. ನಿಮ್ಗೆ ಜ್ವರ ಬಂದಾಗ ನೀವೆಂತ ಮಾತಾಡ್ತ್ರಿ ಅಂತ ನಾ ಹೇಳ್ಲಾ?"

ನಮ್ಮ ಪಶುರೋಗ ಲ್ಯಾಬಿನ ಡಾಕ್ಟರ್ ಶ್ರೀಧರ ಬಂದು ನೋಡಿದರು. ತುರಿಕೆ, ತೂರಾಟ, ಸೊರಗು, ಮೂರೂ ಒಟ್ಟಿಗೆ. ಅವರ ಮುಖ ಸಣ್ಣದಾಯಿತು. ಕುರಿ ಆಡುಗಳಿಗೆ ಪ್ರಿಯಾನ್ ಎಂಬುದರಿಂದ ಬರುವ ಒಂದು ಕಾಯಿಲೆ ಇದೆ. ಅದು ಕ್ರಿಮಿಯಲ್ಲ, ವೈರಸ್ಸೂ ಅಲ್ಲ. ನಿನಗೆ ತಿಳಿಯುವ ಹಾಗೆ ಹೇಳುವುದಾದರೆ, ಮಿದುಳಿನಲ್ಲಿ ಸಹಜವಾಗಿಯೇ ಇರುವ ಒಂದು ಪ್ರೋಟೀನು ಬಗ್ಗಿದ ಶಾಫ್ಟಿನ ಹಾಗೆ ಆಕಾರ ಕೆಡುತ್ತದೆ. ಇಂಜಿನ್ನಿನಲ್ಲಾದರೆ ಬಗ್ಗಿದ ಶಾಫ್ಟು ಒಂದೇ. ಇಲ್ಲಿ ಅದು ಪಕ್ಕದ ನೆಟ್ಟಗಿನದನ್ನೂ ಮುಟ್ಟಿ ಮುಟ್ಟಿ ಬಗ್ಗಿಸುತ್ತ ಹೋಗುತ್ತದೆ. ಕುದಿಸಿದರೂ ಸಾಯುವುದಿಲ್ಲ, ಯಾಕೆಂದರೆ ಅದಕ್ಕೆ ಜೀವವೇ ಇಲ್ಲ. ಮದ್ದಿಲ್ಲ. ಒಂದಕ್ಕೆ ಇದೆಯೆಂದು ಖಾತ್ರಿಯಾದರೆ ಇಡೀ ಹಟ್ಟಿಯ ಆಸೆ ಬಿಡಬೇಕು. ಮನುಷ್ಯರಿಗೆ ಆಡಿನಿಂದ ಅದು ಬಂದ ದಾಖಲೆ ಇಲ್ಲ.

ಈ ಕೊನೆಯ ವಾಕ್ಯ ಬಿಟ್ಟು ಮಿಕ್ಕದ್ದೆಲ್ಲ ಸಂಜೆಯೊಳಗೆ ಊರ ಫೋನುಗಳಿಗೆ ತಲುಪಿತ್ತು. "ಕುಮಟಾದಲ್ಲಿ ಹುಚ್ಚು ಆಡಿನ ರೋಗ! ಹಾಲು ಕುಡಿದವರು ಉಳಿಯುವುದಿಲ್ಲ!" ಕೆಳಗೆ ಯಾವುದೋ ದೇಶದ ಹಸುವಿನ ಫೋಟೋ. ಭಟ್ಕಳದಿಂದ ಆಡು ಕೊಳ್ಳಲು ಬರುತ್ತಿದ್ದ ಸಾಹೇಬರು ಬರುವುದು ನಿಲ್ಲಿಸಿದರು. ಪಂಚಾಯತಿ ಮೆಂಬರ್ ಚೌಡ, ಬೊಮ್ಮಿಯ ಹಟ್ಟಿಯ ಎದುರು ನಿಂತು, ಎಲ್ಲ ಆಡುಗಳನ್ನೂ ಗುಂಡಿ ತೋಡಿ ಸುಣ್ಣ ಹಾಕಿ ಹುಗಿಯಬೇಕೆಂದು ಭಾಷಣ ಮಾಡಿದ. ಅವನ ನಾಯಿಯೂ ಪಕ್ಕದಲ್ಲಿ ನಿಂತು ಬಾಲ ಅಲ್ಲಾಡಿಸಿ ಅನುಮೋದಿಸಿತು. ಈ ನಾಯಿಯನ್ನು ನೆನಪಿಟ್ಟುಕೋ.

ಡಾಕ್ಟರು ಚೌಡನಿಗೆ ಹೇಳಿದರು, "ಪರೀಕ್ಷೆ ಆಗಲಿ ಮಾರಾಯ. ಇದೆ ಹೇಳೂಕೂ ಪರೀಕ್ಷೆ ಬೇಕು, ಇಲ್ಲ ಹೇಳೂಕೂ ಬೇಕು."

"ಆತು. ಪರೀಕ್ಷೆಲಿ ಇಲ್ಲ ಹೇಳಿ ಬಂದ್ರೆ ಸರಿ. ಸ್ಯಾಂಪಲ್ ಹಾಳಾತು, ಗೊತ್ತಾಗ್ಲಿಲ್ಲ ಅಂದ್ರೆ ಗುಂಡಿ ತೋಡೂದೇ."

ಊರು ಒಪ್ಪಿದ್ದು ಅದಕ್ಕೇ. ಆಡು ಸತ್ತ ಮೇಲೆ ಮಿದುಳು ತೆಗೆದು ಮಾಡುವ ಪರೀಕ್ಷೆ ಅದು. ಅಂದರೆ ಬೊಮ್ಮಿಯ ಹಟ್ಟಿಯೆಲ್ಲ ಒಂದು ತುಂಡು ಮಿದುಳಿನ ಮೇಲೆ ನಿಂತಿತು.

ಕೆಂಪಿ ಹೆಚ್ಚು ದಿನ ಕಾಯಿಸಲಿಲ್ಲ. ಒಂದು ಬೆಳಿಗ್ಗೆ ಬೊಮ್ಮಿ ಫೋನ್ ಮಾಡಿದಳು. "ವನಮಾಲಕ್ಕ, ಹೋತು." ಡಾಕ್ಟರು ಲ್ಯಾಬಿನಲ್ಲಿ ಫ್ರೀಜರು ಸಿದ್ಧ ಮಾಡಿಕೊಂಡು ಉಳಿದರು. ನಾನು ಚೀಲ ಹಿಡಿದು ಹೋದೆ. ಹೋಗಿ ನೋಡಿದರೆ ಬೊಮ್ಮಿ ಆಡಿನ ಕುತ್ತಿಗೆಗೆ ಕೈ ಅಡ್ಡ ಹಿಡಿದು ಕೂತಿದ್ದಾಳೆ.

"ತಲೆ ಕಡಿಯೂಕೆ ಕೊಡೂದಿಲ್ಲ."

"ತಲೆಯೇ ಬೇಕಾದ್ದು ಬೊಮ್ಮಿ. ಕಾಲು ಕಳಿಸಿದರೆ ಅವರು ಸೂಪು ಮಾಡಿಯಾರು."

"ತಲೆ ಇಲ್ದೆ ಮಣ್ಣು ಮಾಡಿದ್ರೆ ಅದು ಹಟ್ಟಿ ಬಿಟ್ಟು ಹೋಗೂದಿಲ್ಲ ಅಕ್ಕ. ಮರಿ ಹುಡುಕ್ತಾ ತಿರುಗ್ತದೆ. ಮರಿ ಕಾಣೂಕೆ ಅದ್ಕೆ ಕಣ್ಣು ಬೇಡ್ವಾ?"

ಅವರ ಕೇರಿಯ ನಂಬಿಕೆ ಅದು. ಸಾಕಿದ ಪ್ರಾಣಿ ಇಡಿಯಾಗಿ ಮಣ್ಣಿಗೆ ಹೋಗಬೇಕು. ವಾದಕ್ಕೆ ಸಮಯವಿರಲಿಲ್ಲ. ನಮ್ಮ ಸೆಕೆಯಲ್ಲಿ ಮಿದುಳು ಮಧ್ಯಾಹ್ನದೊಳಗೆ ಗಂಜಿಯಾಗುತ್ತದೆ. ನಾನೆಂದೆ, "ಬುರುಡೆ ಒಡೆಯುವುದಿಲ್ಲ. ಕುತ್ತಿಗೆಯ ಸಂದಿನಲ್ಲಿ ಬಿಡಿಸಿ, ಹಿಂದಿನ ತೂತಿನಿಂದ ಚಮಚ ಹಾಕಿ ಒಂದಿಷ್ಟು ತೆಗೆಯುತ್ತೇನೆ. ತಲೆ ನಿನ್ನ ಕೈಗೇ ವಾಪಸು."

ಅವಳು ಗಂಡನ ಮುಖ ನೋಡಿದಳು. ಹೊನ್ನ ಬಲೆಯ ನೂಲು ಎತ್ತಿಕೊಂಡ. "ವಾಪಸ್ ಬಂದ್ರೆ ನಾ ಹೊಲಿತೆ" ಎಂದ.

ಹೀಗೆ ಒಪ್ಪಂದವಾಯಿತು. ನಾನು ಎರಡೆರಡು ಗ್ಲೌಸು ಹಾಕಿ, ಮಾಸ್ಕು ಕಟ್ಟಿ ಕೂತೆ. ಈ ಪರೀಕ್ಷೆಗೆ ಬೇಕಾದ್ದು ಮಿದುಳು ಬೆನ್ನುಹುರಿಗೆ ಸೇರುವ ಒಂದು ಜಾಗ, ಇಂಗ್ಲಿಷಿನ 'ವಿ' ಅಕ್ಷರದ ಹಾಗಿರುತ್ತದೆ. ಅದು ಸಿಗದಿದ್ದರೆ ಮಿಕ್ಕ ಮಿದುಳೆಲ್ಲ ಇದ್ದೂ ಇಲ್ಲದ ಹಾಗೆ. ಉದ್ದ ಹಿಡಿಯ ಚಮಚ ಒಳಗೆ ಹಾಕಿದೆ ನೋಡು, ಬುಳಕ್ಕೆಂದು ತಿಳಿನೀರು ಹೊರಗೆ ಬಂತು! ಕೊಳೆತು ನೀರಾಗಿದೆ, ಕೆಲಸ ಕೆಟ್ಟಿತು ಎಂದುಕೊಂಡೆ. ಆದರೆ ವಾಸನೆ ಇಲ್ಲ. ನಿಧಾನಕ್ಕೆ ಎಳೆದರೆ 'ವಿ' ಅಕ್ಷರ ಇಡಿಯಾಗಿ ಬಂತು. ಕನ್ನಡ ಮಾಧ್ಯಮದವಳ ಕೈಗೆ ಇಂಗ್ಲಿಷ್ ಅಕ್ಷರ ಅಷ್ಟು ಚಂದವಾಗಿ ಅದೇ ಮೊದಲ ಸಲ ಸಿಕ್ಕಿದ್ದು. ಅದರ ಮೇಲಿನ ಕಿರುಮಿದುಳಿನ ತುಂಡಿನ ಜೊತೆ ಒಂದು ತೆಳು ಪೊರೆಯೂ ಬಂತು. ಪೊರೆಯ ತುಂಬ ಸಾಬಕ್ಕಿಯಂಥ ಬಿಳಿ ಕಾಳು.

ಅರ್ಧ ಫಾರ್ಮಲಿನ್ ಡಬ್ಬಿಗೆ, ಪೊರೆಯೂ ಅದಕ್ಕೇ. ಇನ್ನರ್ಧ ಹಸಿಯಾಗಿ, ಸೀಲು ಮಾಡಿದ ಡಬ್ಬಿಯೊಳಗೆ ಡಬ್ಬಿ ಇಟ್ಟು, ಐಸಿನ ಪೆಟ್ಟಿಗೆಗೆ. ಅಲ್ಲಿ ಥರ್ಮಾಕೋಲ್ ಪೆಟ್ಟಿಗೆ ಎಂದರೆ ಮೀನಿನದೇ. ಹೊನ್ನ ಹೊಸದೊಂದು ತಂದುಕೊಟ್ಟ. ನಾನು ಹುಗಿಯುವ ಜಾಗ ಶುದ್ಧ ಮಾಡಿಸಿಯೇ ಹೊರಡಬೇಕಿತ್ತು. ಅದಕ್ಕೆ ಐಸಿನ ಪೆಟ್ಟಿಗೆಯನ್ನು ಬೊಮ್ಮಿಯ ತಮ್ಮ ಕುಪ್ಪನ ಟೆಂಪೋದಲ್ಲಿ ಕಳಿಸಿದೆ. ಅವನು ದಿನಾ ಭಟ್ಕಳ ಪೇಟೆಗೆ ಮೀನು ಹೊಡೆಯುವವನು, ಹೊನ್ನಾವರ ದಾರಿಯಲ್ಲೇ ಸಿಗುತ್ತದೆ. "ನಮ್ಮ ಲ್ಯಾಬಿನ ಗೇಟಿನಲ್ಲಿ ಕೊಡು" ಎಂದೆ. "ಕೊಟ್ಟೆ ಅಂತ್ಲೇ ತಿಳ್ಕಣಿ" ಎಂದು ಹೋದ.

ಇತ್ತ ಹೊನ್ನ ಬಲೆಸೂಜಿಗೆ ನೂಲು ಪೋಣಿಸಿದ. ಅವನಿಗೂ ಗ್ಲೌಸು ಹಾಕಿಸಿದ್ದೆ. ಸಂಜಯ, ಎಷ್ಟೋ ಜನ ಸರ್ಜನ್ನರ ಹೊಲಿಗೆ ನೋಡಿದ್ದೇನೆ, ಅಂಥ ಸಾಲು ನೋಡಿಲ್ಲ. ಗಂಟಿಗೆ ಗಂಟು ಒಂದೇ ಅಳತೆ.

ಬೊಮ್ಮಿ ಬಗ್ಗಿ ನೋಡಿದಳು. "ತಲೆ ಓರೆ ಆತು."

"ಬದ್ಕಿದ್ದಾಗ್ಲೂ ಅದು ಓರೆಯಾಗೇ ನೋಡ್ತಿತ್ತು. ನಿನ್ ಕೈಲಿ ಬೆಳದದ್ದಲ್ವಾ!"

ಅಳುತ್ತಿದ್ದವಳು ನಕ್ಕಳು. ಆಳವಾಗಿ ಗುಂಡಿ ತೋಡಿ ಹುಗಿದೆವು. ರೋಗದ ಗುಮಾನಿ ಇದ್ದದ್ದರಿಂದ ಬಲೆಸೂಜಿಯನ್ನೂ ಒಟ್ಟಿಗೇ ಹುಗಿಸಿದೆ. ಹೊನ್ನ ಕಣ್ಣೊರೆಸಿಕೊಂಡದ್ದು ಆಗ. ಅವನ ಅಪ್ಪ ಮಾಡಿಕೊಟ್ಟ ಬಿದಿರಿನ ಸೂಜಿಯಂತೆ ಅದು.

ಕೈ ತೊಳೆಯುತ್ತಿದ್ದಾಗ ಡಾಕ್ಟರ ಫೋನು. "ವನಮಾಲಾ, ಪೆಟ್ಟಿಗೆ ಎಲ್ಲಿ?"

ಕುಪ್ಪನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಬೊಮ್ಮಿ ಹಣೆ ಬಡಿದುಕೊಂಡಳು. "ಹಿಂದೆ ಮೀನು ಹೇರಿದ್ಮೇಲೆ ಅವ್ನ ಕಾಲು ಬ್ರೇಕಿಗೆ ಹೋಗೂದೇ ಇಲ್ಲ ಅಕ್ಕ. ಮೊದ್ಲು ಮುಟ್ಟಿದ ಮೀನಿಗೇ ರೇಟು. ಸೀದಾ ಭಟ್ಕಳವೇ!"

ಹೊನ್ನಾವರಕ್ಕೆ ಬಂದು ಡಾಕ್ಟರ ಜೀಪು ಹತ್ತಿದೆ. ಆಗಲೇ ಬಿಸಿಲು ನೆತ್ತಿಗೆ ಬಂದಿತ್ತು. ಮುರ್ಡೇಶ್ವರ, ಶಿರಾಲಿ ದಾಟಿದೆವು. ಡಾಕ್ಟರು ಕೇಳಿದರು, "ಐಸು ಎಷ್ಟು ಹಾಕಿದ್ರಿ?" "ಹೊನ್ನಾವರದವರೆಗೆ ಸಾಕಾಗುವಷ್ಟು" ಎಂದೆ. ಅವರು ಜೀಪಿನ ವೇಗ ಹೆಚ್ಚಿಸಿದರು.

ಭಟ್ಕಳದ ಮೀನುಪೇಟೆ ನಿನಗೆ ಗೊತ್ತೇ ಇದೆ. ನೂರಾರು ಬಿಳಿ ಪೆಟ್ಟಿಗೆ, ಎಲ್ಲ ಅವಳಿಜವಳಿ. ಕುಪ್ಪ ಒಂದು ಮೂಲೆಯಲ್ಲಿ ಚಾ ಕುಡಿಯುತ್ತಿದ್ದ. ನನ್ನನ್ನು ಕಂಡು ಅವನ ಕೈಯ ಗ್ಲಾಸು ತಾನಾಗಿ ಕೆಳಗಾಯಿತು. "ಅಕ್ಕೋರೆ, ಎಲ್ಲ ಪೆಟ್ಟಿಗೆ ಮಾದೇವಿಗೆ ಇಳಿಸ್ಬಿಟ್ಟೆ."

ಮಾದೇವಿ ಅಲ್ಲಿ ಹಿರಿಯ ಮೀನುಗಾರ್ತಿ. ಅವಳ ಎದುರು ಬಂಗುಡೆ, ಶೆಟ್ಲಿ, ನೊಗಲಿಯ ರಾಶಿ. ರಾಶಿಯ ಹಿಂದೆ, ಒದ್ದೆ ಗೋಣಿ ಹೊದ್ದು, ಅವಳ ನೆರಳಿನಲ್ಲೇ ಕೂತಿತ್ತು ನಮ್ಮ ಪೆಟ್ಟಿಗೆ. ಒಬ್ಬ ಸಾಹೇಬರು ಬಗ್ಗಿ ಅದಕ್ಕೇ ಚೌಕಾಸಿ ನಡೆಸಿದ್ದರು. "ಡಬ್ಬಾ ಬಂದ್ ಉಂಟು ಅಂದ್ರೆ ಒಳ್ಳೆ ಮಾಲೇ ಇರ್ಬೇಕು. ತೆಗಿರಿ, ನೋಡುವ."

"ಕೊಡೂಕಿಲ್ಲ ಹೇಳಿದ್ನಲ್ಲ ಸಾಹೇಬ್ರೆ! ಇದ್ರ ಯಜಮಾನ್ರು ಬರ್ಲಿ." ನಮ್ಮನ್ನು ಕಂಡು ಮಾದೇವಿ ಎದ್ದಳು. "ನಿಮ್ದಾ? ಸೀಲಿನ ಮೇಲೆ ಸೀಲು! ಇಷ್ಟು ಜೋಪಾನ ಮಾಡಿದ್ರೆ ಮಿನಿಸ್ಟ್ರ ಮನೆಗೆ ಹೋಗೂ ಮೀನೇ ಇರ್ಬೇಕು ಅಂತ ಬೆಳಗಿಂದ ನಂದೇ ಐಸು ಹಾಕ್ತಾ ಬಂದೆ. ಸುತ್ತ ಉಪ್ಪೂ ಹೊಡ್ದೆ, ಕರಗೂದಿಲ್ಲ ಹೇಳಿ. ಎಂತ ಮೀನು ಮಾರಾಯ್ರೆ?"

ಡಾಕ್ಟರು ಮುಚ್ಚಳ ತೆಗೆದು ಥರ್ಮಾಮೀಟರು ಇಟ್ಟರು. ಕಣ್ಣರಳಿಸಿ ನನ್ನತ್ತ ತಿರುಗಿದರು. ಉಪ್ಪು ಹಾಕಿದ ಐಸು ಗೊತ್ತಲ್ಲ, ಬರಿಯ ಐಸಿಗಿಂತ ತಣ್ಣಗೆ. ಹಸಿ ತುಂಡಿಗೆ ಬೇಕಾದದ್ದು ಅದೇ ಚಳಿ. ಡಬ್ಬಿಯ ಸೀಲು ಹಾಗೇ ಇತ್ತು. ನಮ್ಮ ಲ್ಯಾಬಿನ ಫ್ರೀಜರು ಕರೆಂಟು ಹೋದಾಗೆಲ್ಲ ಬೆವರುತ್ತದೆ. ಮಾದೇವಿಯ ನೆರಳು ಅದಕ್ಕಿಂತ ಮೇಲು.

"ಮೀನಲ್ಲ, ಆಡಿನ ಮಿದುಳು" ಎಂದೆ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಬಾಡದ ಬೊಮ್ಮಿಯ ಆಡಾ?" ಆಗ ಗೊತ್ತಾಯಿತು, ಬೊಮ್ಮಿಯ ಹಟ್ಟಿಗೆ ಬರುವುದು ನಿಲ್ಲಿಸಿದವರು ಇವರೇ. ಗಡ್ಡ ನೀವಿಕೊಂಡು ಅಂದರು, "ಆ ಬಾಯಮ್ಮ ಪಾಪ, ಒಳ್ಳೆ ಜನ. ರಿಪೋರ್ಟ್ ಬಂದ್ರೆ ನಂಗೂ ಹೇಳ್ರಿ."

ಅದೇ ದಿನ ಐಸಿನ ಪೆಟ್ಟಿಗೆಯೂ ಫಾರ್ಮಲಿನ್ ಡಬ್ಬಿಯೂ ಬೇರೆ ಬೇರೆಯಾಗಿ ದೂರದ ದೊಡ್ಡ ಲ್ಯಾಬಿಗೆ ಹೋದವು. ಡಾಕ್ಟರಿಗೆ ಆ ಪೊರೆ ಯಾವುದೋ ಹುಳುವಿನದೆಂಬ ಗುಮಾನಿ ಇತ್ತು. ಆದರೆ ಹುಳು ಸಿಕ್ಕಿತೆಂದ ಮಾತ್ರಕ್ಕೆ ಪ್ರಿಯಾನ್ ಇಲ್ಲವೆಂದು ಹೇಳಲಾಗದು. ಬೆಕ್ಕು ಹಾಲು ಕುಡಿದದ್ದು ನಿಜವಾದರೆ ಕಳ್ಳ ಬಂದಿಲ್ಲವೆಂದು ಅರ್ಥವೇ? ಕಾದೆವು. ಅಲ್ಲಿ ಆ ತುಂಡನ್ನು ಅರೆದು, ಒಂದು ಕಿಣ್ವ ಹಾಕುತ್ತಾರೆ. ನೆಟ್ಟಗಿನ ಪ್ರೋಟೀನನ್ನು ಅದು ತಿಂದು ಮುಗಿಸುತ್ತದೆ, ಬಗ್ಗಿದ್ದಕ್ಕೆ ಅದರ ಹಲ್ಲು ನಾಟುವುದಿಲ್ಲ. ಬಗ್ಗಿದ್ದು ಉಳಿದಿದ್ದರೆ ಕೊನೆಯಲ್ಲಿ ಬಣ್ಣ ಏರುತ್ತದೆ. ಕಾಯುವಾಗ ನಾನೊಂದು ಪ್ರಾಸ ಕಟ್ಟಿಕೊಂಡಿದ್ದೆ, "ಬಣ್ಣ ಬಂದರೆ ಕೆಡುಕು, ಬಾರದಿದ್ದರೆ ಬದುಕು." ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಅದೇ ಜಪ.

ಬಣ್ಣ ಬರಲಿಲ್ಲ ಕಣೋ!

ಎರಡನೆಯ ಪರೀಕ್ಷೆ, ಫಾರ್ಮಲಿನ್ ತುಂಡಿನದು, ಅದೂ ಅದನ್ನೇ ಹೇಳಿತು. ಪ್ರಿಯಾನ್ ಪತ್ತೆಯಾಗಿಲ್ಲ. ಆ ಪೊರೆ ನಾಯಿಯ ಲಾಡಿಹುಳುವಿನ ಮರಿಗುಳ್ಳೆ. ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಆಡಿನ ಹೊಟ್ಟೆಗೆ, ಅಲ್ಲಿಂದ ತಲೆಗೆ. ತುರಿಕೆಯದು ಬೇರೆಯೇ ಕಥೆ, ಚರ್ಮ ಕೆರೆದು ನನ್ನ ಮೈಕ್ರೋಸ್ಕೋಪಿನಲ್ಲೇ ನೋಡಿದೆ, ಕಜ್ಜಿಯ ನುಸಿ. ಎರಡು ಬಡಪಾಯಿ ಕಾಯಿಲೆಗಳು ಕೈಕೈ ಹಿಡಿದು ನಿಂತು ಒಂದು ರಾಕ್ಷಸನ ನೆರಳು ಹಾಕಿದ್ದವು. ವರದಿಯ ಮೇಲೆ ಒಂದು ಸಾಲು ಇತ್ತು, "ಮಾದರಿಯ ಸ್ಥಿತಿ: ಅತ್ಯುತ್ತಮ." ಡಾಕ್ಟರು ಅದನ್ನು ಮಾದೇವಿಗೆ ತೋರಿಸಲೆಂದೇ ಭಟ್ಕಳಕ್ಕೆ ಹೋಗಿಬಂದರು. ಬರುವಾಗ ಅವರ ಜೀಪಿನಲ್ಲಿ ನೊಗಲಿ ಮೀನು ಇತ್ತು, ಅವಳು ದುಡ್ಡು ಮುಟ್ಟಲಿಲ್ಲವಂತೆ.

ಪಂಚಾಯತಿ ಜಗಲಿಯಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿದ್ದ ವರದಿ ಓದಿದರು. ಊರವರು ಅರ್ಥವಾದವರ ಹಾಗೆ ತಲೆಯಾಡಿಸಿದರು. ಆಗ ಅವರು ನನಗೆ ಹೇಳಿದರು, "ನೀವು ಹೇಳಿ ವನಮಾಲಾ, ನಿಮ್ಮ ಪದ್ಧತಿಯಲ್ಲೇ." ನಾನು ಎದ್ದು ನಿಂತೆ:

ಬಣ್ಣ ಏರಲಿಲ್ಲ, ಭಯ ಬೇಕಾಗಿಲ್ಲ,
ಬೊಮ್ಮಿಯ ಹಟ್ಟಿಗೆ ಗುಂಡಿ ತೋಡಬೇಕಾಗಿಲ್ಲ.
ಮೈಯ ಕಜ್ಜಿಗೆ ಸೂಜಿಯ ಮದ್ದು,
ನಾಯಿಯ ಹುಳುವಿಗೆ ಗುಳಿಗೆಯ ಗುದ್ದು!

"ಯಾರ್ ನಾಯಿ?" ಎಂದು ಹಿಂದಿನಿಂದ ಯಾರೋ ಕೂಗಿದರು. ಬೊಮ್ಮಿಯ ಹಟ್ಟಿಯ ಸುತ್ತ ಹಗಲೆಲ್ಲ ಸುತ್ತುವ ನಾಯಿ ಯಾರದೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಎಲ್ಲರ ಕಣ್ಣೂ ಚೌಡನ ಕಾಲಬುಡಕ್ಕೆ ಹೋಯಿತು. ಆ ನಾಯಿ ಬಾಲ ಅಲ್ಲಾಡಿಸಿತು.

"ಮೆಂಬರ್ರೆ, ಗುಂಡಿ ಎಷ್ಟು ಆಳ ತೋಡ್ವಾ?" ಎಂದಳು ಬೊಮ್ಮಿ. ಜಗಲಿ ಹಾರಿಹೋಗುವಷ್ಟು ನಗು. ಚೌಡ ಪಾಪ, ತಾನೇ ನಾಯಿಯ ಬಾಯಿ ಅಗಲಿಸಿ ಹಿಡಿದು ಮೊದಲ ಗುಳಿಗೆ ಹಾಕಿಸಿದ. ಈಗ ಊರಿನ ಅಷ್ಟೂ ನಾಯಿಗಳಿಗೆ ಗುಳಿಗೆ ಹಂಚುವ ಮುಂದಾಳು ಅವನೇ. ಆಡುಗಳಿಗೆ ಕಜ್ಜಿಯ ಚುಚ್ಚುಮದ್ದು ಆಯಿತು, ಹೊಸ ಕೂದಲು ಬರುತ್ತಿದೆ. ಸಾಹೇಬರು ಮೊನ್ನೆ ತಾವಾಗಿ ಬಾಡಕ್ಕೆ ಬಂದರು. ಬೊಮ್ಮಿ ಅವರಿಗೆ ಚಾ ಕೊಟ್ಟು, ಅದಕ್ಕೆ ಬೇಕೆಂದೇ ಆಡಿನ ಹಾಲು ಹಾಕಿದಳು. ಅವರು ಎರಡನೆಯ ಲೋಟ ಕೇಳಿದರು. ಹೊನ್ನನಿಗೆ ನಾನೊಂದು ಹೊಸ ಬಲೆಸೂಜಿ ಕೊಂಡುಕೊಟ್ಟೆ, "ಪ್ಲಾಸ್ಟಿಕ್ಕು" ಎಂದು ಮುಖ ಹಿಂಡಿಕೊಂಡೇ ತೆಗೆದುಕೊಂಡ.

ಇಷ್ಟು ದೊಡ್ಡ ಗೆಲುವನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ನಿನಗೆ ಬರೆದೆ. ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಎಣ್ಣೆ ಹಾಕು, ಇಂಜಿನ್ನಿಗೆ ಮಾತ್ರ ಅಲ್ಲ. ನಿನ್ನ ಕೈ ಮುಟ್ಟಿದ ಯಾವ ಬೋಟೂ ನಡುನೀರಿನಲ್ಲಿ ನಿಲ್ಲದಿರಲಿ, ದೇವರು ನಿನ್ನನ್ನು ತಂಪಾಗಿ ಇಟ್ಟಿರಲಿ.

ನಿನ್ನ ಅಕ್ಕ,
ವನಮಾಲಾ

ತಾ.ಕ.: ಬರುವ ತಿಂಗಳು ಅಮ್ಮ ಹೋಗಿ ಒಂದು ವರ್ಷ, ಅವಳ ವರ್ಷಾಂತ. ಹೋದ ವರ್ಷ ನೀನು ಅವಳಿಗೆಂದು ಸೀರೆ ಹಿಡಿದು ಬಂದ ದಿನ, ಅವಳು ಮೆಟ್ಟಿಲಿನ ಮೇಲೆ ನಿಂತು ನಿನ್ನನ್ನು ದೂಡಿ, "ಯಾರ ಮಗ ನೀನು, ನನ್ನ ಮನೆಗೆ ಕಾಲಿಡಬೇಡ" ಎಂದಳಲ್ಲ. ಅವತ್ತು ಹೋದವನು ಅವಳ ಕಾರ್ಯಕ್ಕೂ ಅಂಗಳದಲ್ಲೇ ನಿಂತು ತಿರುಗಿ ಹೋದೆ. ಅವಳ ಕೈ ಅದುರುತ್ತಿದ್ದದ್ದು, ನಡೆ ತೂರಾಡುತ್ತಿದ್ದದ್ದು, ಒಂದೇ ಮಳೆ ಕಳೆಯುವುದರೊಳಗೆ ಎಲ್ಲ ಮರೆತದ್ದು ನಿನಗೂ ಗೊತ್ತು. ಮನುಷ್ಯರಲ್ಲೂ ಇಂಥ ಪ್ರೋಟೀನು ತಾನಾಗಿ ಬಗ್ಗುವುದುಂಟು, ಇದು ಅದೇ ಇರಬಹುದು ಎಂದಿದ್ದರು ಆಸ್ಪತ್ರೆಯವರು. ಇರಬಹುದು, ಅಷ್ಟೇ. ಕೆಂಪಿಗೆ ಸಿಕ್ಕ ಉತ್ತರ ಅಮ್ಮನಿಗೆ ಸಿಗಲಿಲ್ಲ. ನಿನಗೆ ತೋರಿಸಲು ನನ್ನ ಹತ್ತಿರ ವರದಿ ಇಲ್ಲ.

ಆದರೆ ಒಂದು ಮಾತಿದೆ. ಎಷ್ಟೋ ಸಲ ಹೇಳಲು ಫೋನ್ ಮಾಡಿದೆ, ನೀನು "ಇಡ್ತೆ" ಎಂದೆ. ಅವತ್ತು ಸಂಜೆ ಅಮ್ಮ ನೀನು ಬಿಟ್ಟುಹೋದ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು, "ಸಂಜು ಊಟಕ್ಕೆ ಬಂದ್ನೇನೆ? ಅವನಿಗೆ ಮೀನು ತೆಗೆದಿಡು" ಎಂದಳು. ತೆಗೆದಿಡುವವರೆಗೆ ಬಿಡಲಿಲ್ಲ.

ಅವಳು ದೂಡಿದ್ದಲ್ಲ ಸಂಜಯ, ಅವಳ ತಲೆಯೊಳಗೆ ಹೊಕ್ಕದ್ದು ದೂಡಿದ್ದು. ಬೊಮ್ಮಿ ವರದಿ ಬರುವ ಮೊದಲೇ ಹೇಳಿದ್ದಳಲ್ಲ, ಹಾಗೆ.

ಆ ಮರಿ ನಿನ್ನೆ ತಾನಾಗಿ ಹಟ್ಟಿಯ ಹೊಸ್ತಿಲು ದಾಟಿತಂತೆ. ಈ ಮಾತಿಗೊಂದು ಪ್ರಾಸ ಹುಡುಕಿದೆ, ಸಿಗಲಿಲ್ಲ. ಬಾ.